ನಿಖರ ವೈದ್ಯಕೀಯ ಸಂಶೋಧನೆ ಮತ್ತು ಜನಸಮುದಾಯ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು

ರೋಗಿಯ ಜೀನ್‌ಗಳು, ಕುಡಿಯುವ ನೀರು, ಉಣ್ಣುವ ಅನ್ನ, ಮಾಡುವ ಕೆಲಸ, ಅಂಟಿಕೊಂಡ ಚಟ ಇವೆಲ್ಲವನ್ನೂ ಒಟ್ಟಿಗೆ ನೋಡಿ ಚಿಕಿತ್ಸೆಯನ್ನು ಆ ವ್ಯಕ್ತಿಗೆ ಹೊಂದಿಸುವ ಪದ್ಧತಿಯೇ ನಿಖರ ವೈದ್ಯಕೀಯ. 2015ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮಾ ಇದೇ ಹೆಸರಿನ ಯೋಜನೆಯೊಂದನ್ನು ಪ್ರಕಟಿಸಿದ ಮೇಲೆ ಹೆಸರು ಪತ್ರಿಕೆಗಳಲ್ಲಿ ಓಡಾಡತೊಡಗಿತು. ಕೆಲಸ ಅದಕ್ಕಿಂತ ಹಳೆಯದು. ರಕ್ತ ಕೊಡುವ ಮುಂಚೆ ಗುಂಪು ನೋಡುವುದೂ ಇದೇ ಜಾಡಿನದು. ಮಲೇರಿಯಾ ಮರುಕಳಿಸದಂತೆ ಪ್ರೈಮಾಕ್ವಿನ್ ಕೊಡುವಾಗ ಜಿ6ಪಿಡಿ ಕಿಣ್ವದ ಕೊರತೆ ಇದ್ದವರಿಗೆ ರಕ್ತಕಣಗಳು ಒಡೆಯುತ್ತವೆ; ಅದನ್ನು ಮೊದಲೇ ತಿಳಿದರೆ ಅಪಾಯ ತಪ್ಪುತ್ತದೆ. ಒಂದು ಬಗೆಯ ರಕ್ತದ ಕ್ಯಾನ್ಸರ್‌ನಲ್ಲಿ ಫಿಲಡೆಲ್ಫಿಯಾ ಕ್ರೋಮೋಸೋಮ್ ಇರುವುದು ಖಚಿತವಾದರೆ ರೋಗಿ ಇಮ್ಯಾಟಿನಿಬ್ ಮಾತ್ರೆ ನುಂಗುತ್ತ ವರ್ಷಗಟ್ಟಲೆ ದುಡಿದು ತಿನ್ನಬಹುದು.

ಇಂಥ ತಿಳಿವಳಿಕೆ ಹುಟ್ಟುವುದು ಜನರ ರಕ್ತದಿಂದ, ಅವರ ಮನೆತನದ ಕಥೆಯಿಂದ, ಆಸ್ಪತ್ರೆಯ ಚೀಟಿಗಳಿಂದ. ಆದ್ದರಿಂದ ರಕ್ತ ಯಾಕೆ ಬೇಕು, ಅದರಿಂದ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ, ಗೊತ್ತಾದದ್ದು ಯಾರ ಕೈ ಸೇರುತ್ತದೆ ಎಂದು ತಿಳಿಸುವುದು ಸಂಶೋಧನೆಯ ಒಂದು ಭಾಗವೇ ಆಗಿದೆ. ಈ ತಿಳಿಸುವ ಕೆಲಸದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕಠಿಣ ಪದಗಳನ್ನು ಸುಲಭ ಮಾಡುವ ಉಪಾಯಗಳಲ್ಲೇ ನಿಲ್ಲುತ್ತಾರೆ. ಮಧ್ಯ ಕರ್ನಾಟಕದ ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ತೊಡಕು ಪದಗಳದ್ದಲ್ಲ. ಜೀನ್ ಎಂಬ ಮಾತು ಬಂದ ಕೂಡಲೇ ಕಾಯಿಲೆಯ ಹೊಣೆ ಜಾಗ ಬದಲಿಸುತ್ತದೆ: ನೀರಿನಿಂದ ಮೈಗೆ, ಸರ್ಕಾರದಿಂದ ಮನೆತನಕ್ಕೆ, ಗಂಡನ ಮನೆಯಿಂದ ಸೊಸೆಯ ತವರಿಗೆ. ಕೇಳುವವರು ಮೊದಲು ತೂಗಿ ನೋಡುವುದು ಇದನ್ನೇ.

ಸೀಮೆ ಮತ್ತು ಜನ

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ 2018ರಲ್ಲಿ ತಾಲ್ಲೂಕಾಯಿತು. ಚನ್ನಗಿರಿಯಲ್ಲಿ ಸೂಳೆಕೆರೆ, ಭದ್ರಾ ನಾಲೆ, ಅಡಿಕೆ ತೋಟ. ಹೊನ್ನಾಳಿಯ ಮಗ್ಗುಲಲ್ಲೇ ತುಂಗಭದ್ರೆ ಹರಿಯುತ್ತಾಳೆ. ಹೊಳೆಸಾಲಿನಲ್ಲಿ ಭತ್ತ, ಮೇಲಿನ ಹೊಲಗಳಲ್ಲಿ ಮೆಕ್ಕೆಜೋಳ. ಜಗಳೂರು ಬರದ ಸೀಮೆ, ರಂಗಯ್ಯನದುರ್ಗದ ಕೊಂಡುಕುರಿ ಕಾಡಿನ ಆಚೀಚೆಗೆ ಮಳೆಯನ್ನೇ ನಂಬಿದ ಹೊಲಗಳು.

ಜಿಲ್ಲೆ ಬದಲಾದರೂ ನಂಟು ಬದಲಾಗಲಿಲ್ಲ. ಹೊನ್ನಾಳಿ, ನ್ಯಾಮತಿಯವರು ಇಂದಿಗೂ ಹೆಣ್ಣು ತರಲು, ಆಸ್ಪತ್ರೆಗೆ ತೋರಿಸಲು ಶಿವಮೊಗ್ಗದ ಕಡೆ ಹೋಗುತ್ತಾರೆ. ಮೆಗ್ಗಾನ್ ಆಸ್ಪತ್ರೆ ಅವರಿಗೆ ಹತ್ತಿರ. ಜಗಳೂರಿನವರಿಗೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, ಕೆಲವೊಮ್ಮೆ ಚಿತ್ರದುರ್ಗ. ಹೀಗಾಗಿ ಅಣ್ಣನ ಚೀಟಿ ಒಂದು ಊರಿನಲ್ಲಿದ್ದರೆ ತಂಗಿಯ ಚೀಟಿ ಇನ್ನೊಂದು ಊರಿನಲ್ಲಿ. ಅನುವಂಶಿಕ ಕಾಯಿಲೆ ಹುಡುಕುವವರಿಗೆ ಇದು ಸಣ್ಣ ತೊಂದರೆಯಲ್ಲ.

ಜನರಲ್ಲಿ ಲಿಂಗಾಯತರು, ಕುರುಬರು, ನಾಯಕರು, ಮಾದಿಗರು, ಛಲವಾದಿಗಳು, ಲಂಬಾಣಿಗರು, ಗೊಲ್ಲರು, ಭೋವಿಗಳು, ಮುಸ್ಲಿಮರು, ಪೇಟೆಗಳಲ್ಲಿ ಆರ್ಯವೈಶ್ಯರು ಇದ್ದಾರೆ. ಜಗಳೂರು ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು. ನಾಯಕ ಸಮುದಾಯ ಅಲ್ಲಿ ದೊಡ್ಡದು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ, ಅಂದರೆ ಲಂಬಾಣಿಗರ, ಸಂತ ಸೇವಾಲಾಲರ ಜನ್ಮಸ್ಥಳ. ಪ್ರತಿ ಫೆಬ್ರವರಿಯ ಜಯಂತಿಗೆ ಹೊರರಾಜ್ಯಗಳಿಂದಲೂ ಬಂಜಾರರು ಮಾಲೆ ಧರಿಸಿ ಅಲ್ಲಿಗೆ ಬರುತ್ತಾರೆ. ಕನ್ನಡದ ಜೊತೆಗೆ ಲಂಬಾಣಿ, ಉರ್ದು, ಜಗಳೂರಿನ ಕಡೆ ತೆಲುಗು, ಚನ್ನಗಿರಿಯ ಹಕ್ಕಿಪಿಕ್ಕಿ ಕಾಲೊನಿಗಳಲ್ಲಿ ವಾಗ್ರಿ ಕೇಳಿಸುತ್ತವೆ. ಈ ಹಕ್ಕಿಪಿಕ್ಕಿಗಳು ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆ ಮಾರುತ್ತ ಆಫ್ರಿಕದ ದೇಶಗಳವರೆಗೆ ಹೋಗುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್ ಯುದ್ಧದಲ್ಲಿ ಅವರಲ್ಲಿ ಅನೇಕರು ಸಿಕ್ಕಿಬಿದ್ದಾಗಲೇ ನಾಡಿಗೆ ಈ ಸಂಗತಿ ತಿಳಿದದ್ದು. ಭಾಷೆಯೇ ಬಾರದ ಊರಿನಲ್ಲಿ ಔಷಧದ ಬಗ್ಗೆ ನಂಬಿಕೆ ಹುಟ್ಟಿಸುವ ಕಲೆ ಬಲ್ಲ ಜನ ಇವರು. ಅವರ ಮುಂದೆ ವಿಜ್ಞಾನದ ಕರಪತ್ರ ಹಿಡಿದು ನಿಲ್ಲುವವರು ಇಷ್ಟನ್ನಾದರೂ ನೆನಪಿಡಬೇಕು.

ಹಂದಿಗೋಡು

ಈ ಸೀಮೆಯಲ್ಲಿ ಅನುವಂಶಿಕ ಸಂಶೋಧನೆ ಎಂದರೆ ಮೊದಲು ನೆನಪಾಗಬೇಕಾದ ಊರು ಸಾಗರ ತಾಲ್ಲೂಕಿನ ಹಂದಿಗೋಡು. 1975ರ ಸುಮಾರಿಗೆ ಅಲ್ಲಿ ಸೊಂಟ, ಮೊಣಕಾಲಿನ ಕೀಲುಗಳು ಸವೆದು ಕುಳಿತಲ್ಲೇ ಕುಳಿತವರು, ತೆವಳುವವರು, ಕೆಲವು ಕುಟುಂಬಗಳಲ್ಲಿ ತೀರಾ ಗಿಡ್ಡಾಗಿ ಉಳಿದವರು ಹೊರಗಿನ ವೈದ್ಯರ ಕಣ್ಣಿಗೆ ಬಿದ್ದರು. ಕಾಯಿಲೆ ಕಾಣಿಸಿದ್ದು ಹೆಚ್ಚಾಗಿ ಛಲವಾದಿ ಮತ್ತು ಚನ್ನಂಗಿ ಸಮುದಾಯಗಳಲ್ಲಿ, ಅಂದರೆ ಜಮೀನಿಲ್ಲದ ದಲಿತ ಕೂಲಿ ಕುಟುಂಬಗಳಲ್ಲಿ. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಇನ್ನೂ ಹಲವು ಹಳ್ಳಿಗಳಲ್ಲಿ ಇದೇ ಬಗೆಯ ರೋಗಿಗಳು ಪತ್ತೆಯಾದರು. ಹೊನ್ನಾಳಿ, ಚನ್ನಗಿರಿ ಆಗ ಹಂದಿಗೋಡು ಇರುವ ಶಿವಮೊಗ್ಗ ಜಿಲ್ಲೆಯಲ್ಲೇ ಇದ್ದವು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ತಂಡ ಬಂದು ಅಧ್ಯಯನ ಮಾಡಿತು. ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂಬ ಅರ್ಥದ ಹೆಸರಿನಲ್ಲಿ 1977ರಲ್ಲಿ ವರದಿ ಪ್ರಕಟವಾಯಿತು. ಜನರ ನಡುವೆ ಹಬ್ಬಿದ್ದು ಬೇರೆ ವಿವರಣೆ: ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೈ ಸೇರಿತು, ಆ ಏಡಿ ತಿಂದ ಬಡವರ ಮೂಳೆ ಹಾಳಾಯಿತು. ಹಸಿರು ಕ್ರಾಂತಿಯ ದಿನಗಳವು, ಮಾತು ನಂಬುವಂತಿತ್ತು. ತಿಂದವನ ತಪ್ಪಿಗಿಂತ ಹೊಡೆದವನ ತಪ್ಪು ಅದರಲ್ಲಿ ದೊಡ್ಡದಾಗಿ ಕಾಣುತ್ತಿತ್ತು ಎಂಬುದೂ ಒಂದು ಕಾರಣ. ಮುಂದೆ ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಎಸ್. ಎಸ್. ಅಗರ್‌ವಾಲ್ ಮತ್ತು ಸಂಗಡಿಗರು ಕುಟುಂಬಗಳ ವಂಶವೃಕ್ಷ ಬರೆದು, ಎಕ್ಸ್‌ರೇಗಳನ್ನು ಪರಿಶೀಲಿಸಿ, 1994ರಲ್ಲಿ ಇದು ಮೂಳೆಯ ಬೆಳವಣಿಗೆಯ ಅನುವಂಶಿಕ ದೋಷ, ಪ್ರಬಲ ಮಾದರಿಯಲ್ಲಿ ಹರಿದುಬರುವಂಥದ್ದು ಎಂದು ತೋರಿಸಿದರು. 1997ರಲ್ಲಿ ದಕ್ಷಿಣ ಆಫ್ರಿಕದ ಮ್ಸೆಲೆನಿ ಎಂಬಲ್ಲಿನ ಕೀಲುರೋಗದೊಂದಿಗೆ ಇದನ್ನು ಹೋಲಿಸಿಯೂ ಬರೆದರು.

ಪ್ರಬಲ ಮಾದರಿ ಎಂದರೆ ತಂದೆ ಅಥವಾ ತಾಯಿ ಒಬ್ಬರಲ್ಲಿದ್ದರೆ ಸಾಕು, ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಇದನ್ನು ಹೇಳುವುದರಲ್ಲಿ ಎಲ್ಲರೂ ಜಾರುವ ಜಾಗ ಒಂದಿದೆ. ಅರ್ಧಕ್ಕರ್ಧ ಎಂದೊಡನೆ ನಾಲ್ಕು ಮಕ್ಕಳಲ್ಲಿ ಇಬ್ಬರಿಗೆ ಎಂದು ಮನೆಯವರು ಲೆಕ್ಕ ಹಾಕುತ್ತಾರೆ. ಮೊದಲ ಎರಡು ಮಕ್ಕಳಿಗೆ ಬಂದಿದ್ದರೆ ಮುಂದಿನವರು ಪಾರಾದರು ಎಂದು ನೆಮ್ಮದಿಪಡುತ್ತಾರೆ. ಪ್ರತಿ ಬಸಿರಿನಲ್ಲೂ ನಾಣ್ಯವನ್ನು ಹೊಸದಾಗಿ ಚಿಮ್ಮಿದ ಹಾಗೆ, ಹಿಂದಿನದು ಲೆಕ್ಕಕ್ಕಿಲ್ಲ ಎಂದು ಬಿಡಿಸಿ ಹೇಳಬೇಕಾಗುತ್ತದೆ.

ಹಂದಿಗೋಡಿನಲ್ಲಿ ವಿಜ್ಞಾನ ಗೆದ್ದಿತು, ತಿಳಿಸುವ ಕೆಲಸ ಸೋತಿತು ಎನ್ನುವುದು ಈ ಲೇಖಕನ ಅಭಿಪ್ರಾಯ. ಏಡಿಯ ಕಥೆಯಲ್ಲಿ ತಪ್ಪು ಕೀಟನಾಶಕದ್ದು. ಜೀನ್ ಕಥೆಯಲ್ಲಿ ಅದು ರಕ್ತದ್ದಾಯಿತು. ಕೀಲು ಬದಲಿಸುವ ಶಸ್ತ್ರಚಿಕಿತ್ಸೆ, ನೋವು ನಿವಾರಕ ಮಾತ್ರೆಗಳನ್ನು ಬಿಟ್ಟರೆ ಬೇರನ್ನೇ ತಾಗುವ ಔಷಧ ಇರಲಿಲ್ಲ. ಔಷಧವಿಲ್ಲದ ಕಡೆ ಅನುವಂಶಿಕ ಎಂಬ ಮಾತು ರೋಗಿಗೆ ಏನನ್ನೂ ಕೊಡುವುದಿಲ್ಲ, ಅವನ ತಂಗಿಯ ಮದುವೆಗೆ ಅಡ್ಡಿಯನ್ನು ಮಾತ್ರ ತರುತ್ತದೆ. ಅದರ ಮೇಲೆ ಊರಿನ ಹೆಸರನ್ನೇ ಕಾಯಿಲೆಗೆ ಇಟ್ಟದ್ದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು 1957ರಲ್ಲಿ ಮಂಗನ ಕಾಯಿಲೆಗೆ ಅಂಟಿತು, ಆದರೆ ಅದು ಉಣ್ಣಿಯಿಂದ ಹರಡುವ ರೋಗ. ವಂಶದ ಕಾಯಿಲೆಗೆ ಊರಿನ ಹೆಸರಿಟ್ಟರೆ ಆ ಊರಿನಿಂದ ಹೆಣ್ಣು ತರುವವರೂ ಅಲ್ಲಿಗೆ ಹೆಣ್ಣು ಕೊಡುವವರೂ ಹಿಂದೆಮುಂದೆ ನೋಡುತ್ತಾರೆ.

ಜಗಳೂರಿನ ನೀರು

ಹಂದಿಗೋಡನ್ನು ಓದಿದವರು ಜಗಳೂರಿಗೆ ಬಂದರೆ ದಾರಿ ತಪ್ಪುವ ಸಂಭವವಿದೆ. ಇಲ್ಲಿಯೂ ಹಲ್ಲಿನ ಕಂದು ಕಲೆ, ಬಾಗಿದ ಕಾಲು, ಸೆಟೆದ ಬೆನ್ನು ಕಾಣುತ್ತವೆ. ಒಂದೇ ಮನೆಯ ಮೂವರಲ್ಲಿ ಕಂಡರೆ ಮನೆತನದ್ದೇ ಇರಬೇಕು ಎನಿಸಬಹುದು. ಮನೆಯವರೆಲ್ಲ ಕುಡಿಯುವುದು ಒಂದೇ ಕೊಳವೆಬಾವಿಯ ನೀರು. ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಬಹುಕಾಲದಿಂದ ದಾಖಲಾಗಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಾದ ನೀರು ವರ್ಷಗಟ್ಟಲೆ ಒಳಗೆ ಹೋದರೆ ಮೊದಲು ಹಲ್ಲು, ಆಮೇಲೆ ಮೂಳೆ.

ಒಂದೇ ನೀರು ಕುಡಿದ ಇಬ್ಬರಲ್ಲಿ ಒಬ್ಬನಿಗೆ ಹೆಚ್ಚು, ಇನ್ನೊಬ್ಬನಿಗೆ ಕಡಿಮೆ ಯಾಕೆ ಎಂದು ಜೀನ್‌ಗಳಲ್ಲಿ ಹುಡುಕುವ ಅಧ್ಯಯನಗಳು ಚೀನಾ ಮುಂತಾದ ಕಡೆ ನಡೆದಿವೆ. ಪ್ರಶ್ನೆ ಸರಿಯಾದದ್ದೇ. ಆದರೆ ಅದನ್ನು ಜಗಳೂರಿನಲ್ಲಿ ಎತ್ತುವವರು ಮೊದಲ ವಾಕ್ಯದಲ್ಲೇ ನೀರಿನ ಮಾತು ಹೇಳದಿದ್ದರೆ, ಕಾಯಿಲೆ ನಮ್ಮ ಮೈಯಲ್ಲೇ ಇದೆಯಂತೆ, ಶುದ್ಧ ನೀರಿನ ಘಟಕ ಬಂದರೆಷ್ಟು ಬಿಟ್ಟರೆಷ್ಟು ಎಂಬ ತೀರ್ಮಾನ ಹಳ್ಳಿಗಿಂತ ಮೊದಲು ಕಚೇರಿಗಳಲ್ಲಿ ಹುಟ್ಟೀತು. ಸಾಗರದಲ್ಲಿ ಪರಿಸರದ್ದೆಂದು ತಿಳಿದದ್ದು ವಂಶದ್ದಾಗಿತ್ತು, ಇಲ್ಲಿ ವಂಶದ್ದೆಂದು ತೋರುವುದು ಪರಿಸರದ್ದು. ಆದ್ದರಿಂದ ಇಲ್ಲಿ ಸಂಶೋಧಕ ರಕ್ತದ ಜೊತೆಗೆ ಆ ಮನೆಯ ನೀರಿನ ಮಾದರಿಯನ್ನೂ ತೆಗೆದುಕೊಳ್ಳಬೇಕು, ನೀರಿನ ಫಲಿತಾಂಶವನ್ನು ಮೊದಲು ಹೇಳಬೇಕು. ನೀರಿನ ವರದಿ ಕೆಲವೇ ದಿನಗಳಲ್ಲಿ ಕೈಗೆ ಬರುತ್ತದೆ, ಪಂಚಾಯಿತಿಯ ಮುಂದೆ ಇಟ್ಟು ಕೇಳಬಹುದಾದ ಕಾಗದವೂ ಅದು.

ಕುಸುಮ ರೋಗ ಮತ್ತು ದಾವಣಗೆರೆ

ಹಂದಿಗೋಡಿಗೆ ಎದುರಾದ ಉದಾಹರಣೆ ಜಿಲ್ಲಾ ಕೇಂದ್ರದಲ್ಲೇ ಇದೆ. ಹಿಮೋಫಿಲಿಯಾ, ಕನ್ನಡದಲ್ಲಿ ಕುಸುಮ ರೋಗ, ರಕ್ತ ಹೆಪ್ಪುಗಟ್ಟಿಸುವ ಅಂಶದ ಕೊರತೆ. ಅಂಶ 8 ಇಲ್ಲದಿದ್ದರೆ ಎ ಬಗೆ, ಅಂಶ 9 ಇಲ್ಲದಿದ್ದರೆ ಬಿ ಬಗೆ. ಎ ಬಗೆ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುತ್ತದೆ. ಸ್ವತಃ ಈ ಕಾಯಿಲೆಯೊಂದಿಗೆ ಬದುಕುತ್ತಿರುವ ರೋಗಶಾಸ್ತ್ರಜ್ಞ ಡಾ. ಸುರೇಶ್ ಹನಗವಾಡಿ ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿದರು. ಬೆಂಗಳೂರಿನಲ್ಲಿ ಹುಟ್ಟಬಹುದಾಗಿದ್ದ ಸಂಸ್ಥೆಯೊಂದು ಮಧ್ಯ ಕರ್ನಾಟಕದಲ್ಲಿ ಬೇರೂರಿದ್ದು ಹೀಗೆ.

ಇಲ್ಲಿ ಮಾತು ಹೇಳುವವನೂ ರೋಗಿಯೇ. ಮೊಣಕಾಲು ಊದಿದರೆ ಏನಾಗುತ್ತದೆ, ಹಲ್ಲು ಕೀಳಿಸುವ ಮುಂಚೆ ಏನು ಮಾಡಬೇಕು, ಶಾಲೆಯಲ್ಲಿ ಮೇಷ್ಟರಿಗೆ ಏನು ಹೇಳಬೇಕು ಎಂಬುದರಿಂದ ಮಾತು ಶುರುವಾಗುತ್ತದೆ, ಕ್ರೋಮೋಸೋಮು ಆಮೇಲೆ. ಹೇಳಿದ ಮೇಲೆ ಕೊಡಲು ಏನಾದರೂ ಇದೆ, ಅದು ಇನ್ನೂ ಮುಖ್ಯ. ಕೊರತೆಯಾದ ಅಂಶವನ್ನು ತುಂಬುವ ಫ್ಯಾಕ್ಟರ್ ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವಂತಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಎಂಬ ಮೂರು ರಕ್ತದ ಕಾಯಿಲೆಗಳನ್ನೂ ಅಂಗವೈಕಲ್ಯದ ಪಟ್ಟಿಗೆ ಸೇರಿಸಿತು. ಅನುವಂಶಿಕ ಎಂಬ ಮಾತನ್ನು ಕೇಳಿಸಿಕೊಂಡವರು ಬರಿಗೈಯಲ್ಲಿ ಹಿಂದಿರುಗುವುದಿಲ್ಲ.

ಕಷ್ಟವಿರುವುದು ತಾಯಿಯ ಮುಂದೆ ಮಾತಾಡುವಾಗ. ದೋಷವಿರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ವಾಹಕಿಯಾದ, ಅಂದರೆ ದೋಷವನ್ನು ಹೊತ್ತೂ ಸಾಮಾನ್ಯವಾಗಿ ಕಾಯಿಲೆ ಬೀಳದ, ತಾಯಿಯ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ, ಪ್ರತಿ ಹೆಣ್ಣುಮಗುವೂ ವಾಹಕಿಯಾಗುವ ಸಂಭವ ಅರ್ಧಕ್ಕರ್ಧ. ಇಷ್ಟನ್ನೇ ಹೇಳಿ ಬಿಟ್ಟರೆ ಅತ್ತೆಯ ಕಿವಿಗೆ ಬೀಳುವುದು, ಸೊಸೆ ತವರಿನಿಂದ ತಂದ ಕಾಯಿಲೆ ಎಂದು. ಆದ್ದರಿಂದ ಇನ್ನೊಂದು ಸಂಗತಿಯನ್ನೂ ಅದೇ ಉಸಿರಿನಲ್ಲಿ ಹೇಳಬೇಕು: ಸುಮಾರು ಮೂರರಲ್ಲಿ ಒಂದು ಭಾಗ ರೋಗಿಗಳ ಮನೆತನದಲ್ಲಿ ಈ ಕಾಯಿಲೆ ಹಿಂದೆ ಯಾರಿಗೂ ಇರುವುದಿಲ್ಲ, ಜೀನಿನ ಬದಲಾವಣೆ ಹೊಸದಾಗಿಯೇ ಆಗಿರಬಹುದು. ಕಾಯಿಲೆಯಿರುವ ಗಂಡಸಿನ ಗಂಡುಮಕ್ಕಳಿಗೆ ಅವನಿಂದ ಕಾಯಿಲೆ ಬರುವುದಿಲ್ಲ, ಹೆಣ್ಣುಮಕ್ಕಳೆಲ್ಲ ವಾಹಕಿಯರಾಗುತ್ತಾರೆ ಎಂಬುದನ್ನೂ.

ಮನೆತನದ ಲೆಕ್ಕ ಇಡುವವರು ನಮ್ಮಲ್ಲಿ ಮೊದಲಿನಿಂದ ಇದ್ದಾರೆ. ಹೆಳವರು ವರ್ಷಕ್ಕೋ ಎರಡು ವರ್ಷಕ್ಕೋ ಮನೆ ಬಾಗಿಲಿಗೆ ಬಂದು ತಲೆಮಾರುಗಳ ಹೆಸರನ್ನು ಒಪ್ಪಿಸಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುತ್ತಾರೆ. ಅನುವಂಶಿಕ ಸಲಹೆಗಾರನ ವಂಶವೃಕ್ಷಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕಿಲ್ಲ. ಒಂದು ಕೊರತೆ ಮಾತ್ರ ಇದೆ. ಹೆಳವರ ಪುಸ್ತಕ ಹೆಚ್ಚಾಗಿ ಗಂಡು ಸಂತತಿಯ ಜಾಡು ಹಿಡಿಯುತ್ತದೆ, ಕುಸುಮ ರೋಗ ಹರಿಯುವುದು ಹೆಣ್ಣುಮಕ್ಕಳ ಜಾಡಿನಲ್ಲಿ. ಆ ಜಾಡು ಗೊತ್ತಿರುವುದು ಅಜ್ಜಿಯರಿಗೆ. ತಂದೆಯನ್ನು ಕುರ್ಚಿಯಲ್ಲಿ ಕೂರಿಸಿ, ತಾಯಿಯನ್ನು ಬಾಗಿಲ ಬಳಿ ನಿಲ್ಲಿಸಿ ಕೇಳುವ ಕುಟುಂಬ ಇತಿಹಾಸ ಈ ಕಾಯಿಲೆಗೆ ನಿರುಪಯೋಗಿ.

ಬಸಿರಿನಲ್ಲಿ ಪರೀಕ್ಷೆ ಎಂದರೆ ಜನಕ್ಕೆ ಸ್ಕ್ಯಾನಿಂಗ್ ಕೋಣೆಯ ಬೋರ್ಡು ನೆನಪಾಗುತ್ತದೆ. 1994ರ ಕಾಯಿದೆ ಭ್ರೂಣದ ಲಿಂಗ ತಿಳಿಸುವುದನ್ನು ನಿಷೇಧಿಸಿದೆ, ಲಿಂಗಕ್ಕೆ ಅಂಟಿಕೊಂಡ ಅನುವಂಶಿಕ ಕಾಯಿಲೆಗಳ ಪತ್ತೆಗೆ ನೋಂದಾಯಿತ ಕೇಂದ್ರಗಳಲ್ಲಿ ಅವಕಾಶ ಇಟ್ಟಿದೆ. ಎರಡರ ನಡುವಿನ ಗೆರೆಯನ್ನು ಆಶಾ ಕಾರ್ಯಕರ್ತೆಗೆ ಮೊದಲು ಬಿಡಿಸಿ ಹೇಳದಿದ್ದರೆ, ಪರೀಕ್ಷೆಯ ಹೆಸರೆತ್ತಿದವರೇ ಅಪರಾಧಿಗಳಂತೆ ಕಾಣುತ್ತಾರೆ.

ಈಚಿನ ಸುದ್ದಿಯೂ ಹೊಸ ಜವಾಬ್ದಾರಿ ತಂದಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ತಂಡ ತೀವ್ರ ಎ ಬಗೆಯ 5 ರೋಗಿಗಳಿಗೆ ಅವರದೇ ರಕ್ತದ ಮೂಲಕೋಶಗಳಿಗೆ ಜೀನ್ ಸೇರಿಸಿ ಮಾಡಿದ ಚಿಕಿತ್ಸೆಯ ಫಲ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಚಿಕಿತ್ಸೆಯ ನಂತರದ ಅವಧಿಯಲ್ಲಿ ಅವರಿಗೆ ರಕ್ತಸ್ರಾವ ಆಗಲಿಲ್ಲ. ಮೊಬೈಲಿನಲ್ಲಿ ಇದು ಕುಸುಮ ರೋಗಕ್ಕೆ ಔಷಧ ಸಿಕ್ಕಿತು ಎಂಬ ಒಂದು ಸಾಲಾಗಿ ಹರಿದಾಡುತ್ತದೆ. 5 ಜನ ಎಂದರೆ ಎಷ್ಟು ಕಡಿಮೆ, ಮೂಲಕೋಶ ಕಸಿಗೆ ಮುಂಚೆ ಕೊಡುವ ಕೀಮೋಥೆರಪಿ ಎಂದರೇನು ಎಂಬ ಉಳಿದ ಸಾಲುಗಳನ್ನು ಯಾರಾದರೂ ಕನ್ನಡದಲ್ಲಿ ಸೇರಿಸಬೇಕು.

ಸೋದರಿಕೆ

ಆರೋಗ್ಯ ಇಲಾಖೆಯ ಗೋಡೆಬರಹ ಅನುವಂಶಿಕ ಕಾಯಿಲೆಗೆಲ್ಲ ಒಂದೇ ಮದ್ದು ಹೇಳುತ್ತದೆ: ರಕ್ತಸಂಬಂಧದಲ್ಲಿ ಮದುವೆ ಬೇಡ. ಅಕ್ಕನ ಮಗಳನ್ನು, ಅತ್ತೆ ಮಗಳನ್ನು, ಮಾವನ ಮಗಳನ್ನು ತರುವುದು ಈ ಸೀಮೆಯ ಹಲವು ಜಾತಿಗಳಲ್ಲಿ ರೂಢಿ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾದೇವಿ, ಅವರೊಂದಿಗೆ ಎ. ಎಚ್. ಬಿಟಲ್ಸ್ ಕರ್ನಾಟಕದ ನವಜಾತ ಶಿಶುಗಳ ರಕ್ತ ಪರೀಕ್ಷಿಸಿದಾಗ, ಪೋಷಕರಲ್ಲಿ ಸುಮಾರು ಮೂರರಲ್ಲಿ ಒಂದು ಭಾಗ ಹತ್ತಿರದ ಸಂಬಂಧಿಕರನ್ನೇ ಮದುವೆಯಾಗಿದ್ದರು. ಅಡಗಿದ ದೋಷ ಎರಡೂ ಕಡೆಯಿಂದ ಬಂದು ಕೂಡುವ ಕಾಯಿಲೆಗಳು ಇಂಥ ಮದುವೆಗಳಲ್ಲಿ ಹೆಚ್ಚುವುದು ನಿಜ.

ಹಂದಿಗೋಡು ಕಾಯಿಲೆಗೆ ಸೋದರಿಕೆ ಕಾರಣವಲ್ಲ, ಕುಸುಮ ರೋಗಕ್ಕೂ ಅಲ್ಲ. ಎರಡೂ ಹೊರಗಿನ ಹೆಣ್ಣು ತಂದರೂ ಬರುತ್ತವೆ. ಗೋಡೆಬರಹವನ್ನು ನಂಬಿದ ಮನೆಯವರು, ನಾವು ಸಂಬಂಧದಲ್ಲಿ ಮಾಡಿಕೊಂಡಿಲ್ಲವಲ್ಲ, ಹಾಗಾದರೆ ಇದು ವಂಶದ್ದು ಹೇಗೆ ಎಂದು ಕೇಳಿದರೆ ತಪ್ಪು ಕೇಳುವವರದ್ದಲ್ಲ. ಒಂದೇ ಬೆಡಗಿನವರು ಅಣ್ಣತಂಗಿಯರಿದ್ದಂತೆ, ಮದುವೆ ಕೂಡದು ಎಂಬ ನಿಯಮ ಇಲ್ಲಿನ ಪ್ರತಿ ಮುದುಕನಿಗೂ ಗೊತ್ತು. ಮೈಹಂಚಿಕೆ ತಂದೆಯ ಕಡೆಯಿಂದ ಮಾತ್ರವಲ್ಲ, ತಾಯಿಯ ಕಡೆಯಿಂದಲೂ ಅಷ್ಟೇ ಇದೆ ಎಂದು ಅಲ್ಲಿಂದಲೇ ಮಾತು ಮುಂದುವರಿಸಬಹುದು. ಸೋದರಮಾವನನ್ನು ಮದುವೆಯಾದವರ ಮಕ್ಕಳಲ್ಲಿ ಜೀನ್ ಜೋಡಿಗಳ ಎಂಟರಲ್ಲಿ ಒಂದು ಪಾಲು, ಅತ್ತೆ ಮಗ–ಮಾವನ ಮಗಳ ಮಕ್ಕಳಲ್ಲಿ ಹದಿನಾರರಲ್ಲಿ ಒಂದು ಪಾಲು ಒಂದೇ ಪೂರ್ವಜರಿಂದ ಎರಡು ದಾರಿಯಲ್ಲಿ ಬಂದಿರಬಹುದು ಎಂಬ ಲೆಕ್ಕ ಹೇಳಿದರೆ ತಿಳಿಯದವರಿಲ್ಲ. ಹೊಲದ ಪಾಲುಪಟ್ಟಿ ಇದಕ್ಕಿಂತ ಜಟಿಲ.

ಜಾತಿಯ ಹೆಸರು

2017ರಲ್ಲಿ ದಕ್ಷಿಣ ಏಷ್ಯಾದ 263 ಜನಗುಂಪುಗಳ ಜೀನ್ ಅಧ್ಯಯನವೊಂದು ಅವುಗಳಲ್ಲಿ 81 ಗುಂಪುಗಳು ಬಹಳ ಕಡಿಮೆ ಮೂಲಪುರುಷರಿಂದ ಬೆಳೆದು ತಮ್ಮೊಳಗೇ ಮದುವೆಯಾಗುತ್ತ ಬಂದಿರುವುದನ್ನು ತೋರಿಸಿತು. ಅದು ಎತ್ತಿ ಹೇಳಿದ ಉದಾಹರಣೆ ವೈಶ್ಯರದು. ಈ ಸಮುದಾಯದ ಕೆಲವರಲ್ಲಿ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಕಿಣ್ವ ಕಡಿಮೆ. ಅರಿವಳಿಕೆ ಕೊಡುವಾಗ ಸ್ನಾಯು ಸಡಿಲಿಸಲು ಬಳಸುವ ಸಕ್ಸಿನೈಲ್‌ಕೋಲಿನ್ ಎಲ್ಲರಲ್ಲೂ ನಿಮಿಷಗಳಲ್ಲಿ ಇಳಿದರೆ ಇವರಲ್ಲಿ ಗಂಟೆಗಟ್ಟಲೆ ಉಳಿಯುತ್ತದೆ, ಅಷ್ಟೂ ಹೊತ್ತು ಯಂತ್ರದ ಉಸಿರು ಬೇಕು. ದಕ್ಷಿಣ ಭಾರತದ ಅರಿವಳಿಕೆ ತಜ್ಞರು ಇದನ್ನು ಮೊದಲಿನಿಂದ ಬಲ್ಲರು. ಬೇರೆ ಔಷಧ ಬಳಸಿದರಾಯಿತು, ಕಥೆ ಮುಗಿಯಿತು.

ಜಾತಿಯ ಹೆಸರು ಹಿಡಿದು ಹೇಳಿದ ಈ ಮಾತಿಗೆ ವೈಶ್ಯರಲ್ಲಿ ಯಾರೂ ನೊಂದುಕೊಳ್ಳಬೇಕಾಗಿಲ್ಲ. ಶಸ್ತ್ರಚಿಕಿತ್ಸೆಯ ಮೇಜಿನಿಂದ ಆಚೆಗೆ ಈ ಕೊರತೆ ಏನೂ ಮಾಡದು, ಪರಿಹಾರಕ್ಕೆ ಖರ್ಚಿಲ್ಲ, ಮದುವೆಗೆ ಅಡ್ಡಿಯಿಲ್ಲ, ಸಮುದಾಯಕ್ಕೆ ತನ್ನದೇ ಸಂಘಗಳ ಬಲವೂ ಇದೆ. ಅದೇ ರೀತಿಯ ವಾಕ್ಯವನ್ನು ಹಂದಿಗೋಡಿನಲ್ಲಿ ಛಲವಾದಿಗಳ ಬಗ್ಗೆ ಹೇಳಿದಾಗ ಆದದ್ದು ಬೇರೆ. ವಾಕ್ಯದ ವ್ಯಾಕರಣ ಒಂದೇ ಆದರೂ ಹೇಳಿಸಿಕೊಂಡವರ ಸ್ಥಾನ ಒಂದೇ ಅಲ್ಲ.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ. ಬುಡಕಟ್ಟು ಪ್ರದೇಶಗಳ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಗುರಿ, ಪರೀಕ್ಷೆಯಾದವರಿಗೆ ಕಾರ್ಡು. ಗಂಡು ಹೆಣ್ಣಿನ ಕಾರ್ಡುಗಳನ್ನು ಹೋಲಿಸಿ ನೋಡಿ ಎಂಬ ಸಲಹೆಯೂ ಇದೆ. ವಾಹಕರಿಬ್ಬರು ಕೂಡಿದಾಗ ಮಾತ್ರ ಮಗುವಿಗೆ ಅಪಾಯ, ವಾಹಕರು ರೋಗಿಗಳಲ್ಲ ಎಂಬುದನ್ನು ಕಾರ್ಡಿಗಿಂತ ಮುಂಚೆ ಮನೆಗೆ ಮುಟ್ಟಿಸಬೇಕು. ಇಲ್ಲವಾದರೆ ವಾಹಕಿಯಾದ ಹುಡುಗಿಯ ಕಾರ್ಡು ಎಲ್ಲ ವರಗಳ ಮುಂದೆಯೂ ಅವಳಿಗೆ ವಿರುದ್ಧ ಸಾಕ್ಷಿ ಹೇಳುತ್ತದೆ.

ಅಡಿಕೆ

ಚನ್ನಗಿರಿಯಲ್ಲಿ ಬಾಯಿ ಕ್ಯಾನ್ಸರಿನ ಬಗ್ಗೆ ಮಾತಾಡುವವರು ಬೆಳೆಗಾರರ ಸಹಕಾರ ಸಂಘ ತುಮ್ಕೋಸ್‌ನ ಅಡಿಕೆ ಧಾರಣೆಯ ಊರಿನಲ್ಲಿ ನಿಂತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದು 2004ರಲ್ಲಿ ಪ್ರಕಟಿಸಿದ ಮೇಲೆ ಬೆಳೆಗಾರರ ವಿರೋಧ ನಿಂತಿಲ್ಲ. ಯಾರ ಜೀನಿಗೆ ಅಪಾಯ ಹೆಚ್ಚು ಎಂದು ಹುಡುಕುವ ಸಂಶೋಧನೆ ಇಲ್ಲಿ ಇಬ್ಬರಿಗೂ ಹಿತವಾಗಿ ಕೇಳಿಸಬಹುದು: ಬೆಳೆಯುವವನಿಗೆ, ತಪ್ಪು ಅಡಿಕೆಯದಲ್ಲ ಎಂದು, ಜಗಿಯುವವನಿಗೆ, ನನ್ನ ಮೈ ಗಟ್ಟಿ ಎಂದು. ಅಡಿಕೆ, ಗುಟ್ಕಾ ಬಿಟ್ಟವನಿಗೆ ಅಪಾಯ ಇಳಿಯುತ್ತದೆ, ಜೀನ್ ಹೇಗಾದರೂ ಇರಲಿ. ಆ ಮಾತು ಮೊದಲು ಬರಬೇಕು.

ಒಪ್ಪಿಗೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ರಕ್ತ ಕೊಡುವವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ಸಮುದಾಯದ ಮುಖಂಡರ ಅನುಮತಿ ವ್ಯಕ್ತಿಯ ಒಪ್ಪಿಗೆಗೆ ಬದಲಿಯಾಗದು ಎಂದೂ ಹೇಳುತ್ತದೆ. ಇದರ ಹಿಂದೆ ಕಹಿ ಅನುಭವಗಳಿವೆ. ಆಗ ಆಂಧ್ರದಲ್ಲಿದ್ದ ಖಮ್ಮಂನಲ್ಲಿ ಗರ್ಭಕೊರಳ ಕ್ಯಾನ್ಸರಿನ ಲಸಿಕೆಯ ಅಧ್ಯಯನ 2010ರಲ್ಲಿ ನಿಂತಾಗ, ಬುಡಕಟ್ಟಿನ ಹುಡುಗಿಯರ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದು ಬಯಲಾಯಿತು. ಅಮೆರಿಕದ ಅರಿಜೋನಾದಲ್ಲಿ ಹವಸುಪೈ ಮೂಲನಿವಾಸಿಗಳು ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆಂದು ರಕ್ತ ಕೊಟ್ಟಿದ್ದರು; ಅದೇ ರಕ್ತ ಅವರ ಮೂಲದ, ಮನೋರೋಗದ ಅಧ್ಯಯನಗಳಿಗೂ ಬಳಕೆಯಾಯಿತು. 2010ರಲ್ಲಿ ಆ ಅಧ್ಯಯನ ನಡೆಸಿದ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಕೊಟ್ಟು ಉಳಿದ ರಕ್ತವನ್ನು ಹಿಂದಿರುಗಿಸಿತು.

ನ್ಯಾಮತಿಯ ತಾಂಡಾದಲ್ಲಿ ನಾಯಕ, ಡಾವ, ಕಾರಭಾರಿಗಳ ಮಾತಿಗೆ ಇಂದಿಗೂ ತೂಕವಿದೆ. ಅವರನ್ನು ಕಾಣದೆ ಒಳಗೆ ಹೋಗುವುದು ಅವಿವೇಕ, ಅವರು ಹೂಂಗುಟ್ಟಿದ್ದನ್ನೇ ಒಪ್ಪಿಗೆ ಎಂದು ಬರೆದುಕೊಳ್ಳುವುದು ತಪ್ಪು. ಲಂಬಾಣಿಗೆ ತನ್ನದೇ ಲಿಪಿ ಇಲ್ಲ. ಕನ್ನಡ ಲಿಪಿಯಲ್ಲಿ ಬರೆದ ಲಂಬಾಣಿ ಹಾಳೆಯನ್ನು ಓದಬಲ್ಲವರು ಕನ್ನಡವನ್ನೇ ಓದಬಲ್ಲರು. ಅಲ್ಲಿ ಬೇಕಾದದ್ದು ಧ್ವನಿ: ತಾಂಡಾದ ಹೆಂಗಸೊಬ್ಬಳು ಹೇಳಿದ ಹತ್ತು ನಿಮಿಷದ ಮುದ್ರಿಕೆ, ಮನೆಯಲ್ಲಿ ಎರಡನೆಯ ಸಲ ಕೇಳಲು, ಮರುದಿನ ಬಂದು ಇಲ್ಲ ಎನ್ನಲು ಅವಕಾಶ. ಭದ್ರಾವತಿ ಮತ್ತು ಚಿತ್ರದುರ್ಗ ಆಕಾಶವಾಣಿಗಳು ಈ ನಾಲ್ಕೂ ತಾಲ್ಲೂಕುಗಳ ಅಕ್ಕಪಕ್ಕದಲ್ಲೇ ಇವೆ.

ಫಲಿತಾಂಶ ಮರಳುವುದು

ಜಗತ್ತಿನ ದೊಡ್ಡ ಜೀನ್ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಜನ ಯೂರೋಪ್ ಮೂಲದವರು. ಆ ಕೊರತೆ ತುಂಬಲು 2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ ಯೋಜನೆಯನ್ನು ಮುನ್ನಡೆಸಿದ್ದು ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ. ಹಲವು ಜನಗುಂಪುಗಳಿಂದ ಪಡೆದ ಸುಮಾರು 10,000 ಜೀನೋಮ್‌ಗಳ ಮಾಹಿತಿಯನ್ನು 2025ರ ಜನವರಿ 9ರಂದು ಸಂಶೋಧಕರಿಗೆ ತೆರೆದಿಡಲಾಯಿತು. ದೇಶದ ಲೆಕ್ಕಕ್ಕೆ ಇದು ದೊಡ್ಡ ಹೆಜ್ಜೆ. ರಕ್ತ ಕೊಟ್ಟ ಒಬ್ಬಳಿಗೆ ಇದರಿಂದ ತಕ್ಷಣ ಏನೂ ಸಿಗದು, ಅದನ್ನು ಮುಚ್ಚಿಡದೆ ಹೇಳಬೇಕು.

ಅದೇ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 2018ರಿಂದ ನಡೆಸುತ್ತಿರುವ ಅಧ್ಯಯನ ಬೇರೆ ಬಗೆಯದು. 45 ದಾಟಿದ ಹಳ್ಳಿಗರನ್ನು ವರ್ಷಗಳ ಕಾಲ ಮತ್ತೆ ಮತ್ತೆ ಪರೀಕ್ಷಿಸಿ ಮರೆವಿನ ಕಾಯಿಲೆಯ ಬೇರು ಹುಡುಕುವುದು ಅದರ ಗುರಿ, 10,000 ಜನರನ್ನು ಸೇರಿಸಿಕೊಳ್ಳುವ ಉದ್ದೇಶ. ಜನ ಮತ್ತೆ ಬರಬೇಕಾದರೆ ಬಿ.ಪಿ., ಸಕ್ಕರೆಯಂಥ ಕೈಗೆಟುಕುವ ಫಲಿತಾಂಶ ಅವರ ಕೈಗೆ ಹೋಗಬೇಕು. ಒಮ್ಮೆ ಬಂದು ರಕ್ತ ತೆಗೆದು ಹೋಗುವ ಶಿಬಿರಕ್ಕೆ ಈ ಒತ್ತಡವಿಲ್ಲ. ಚನ್ನಗಿರಿಗೋ ಜಗಳೂರಿಗೋ ಇಂಥ ಅಧ್ಯಯನ ಬಂದರೆ ಕೇಳಬೇಕಾದ ಮೊದಲ ಪ್ರಶ್ನೆ, ನೀವು ಎಷ್ಟು ವರ್ಷ ಇರುತ್ತೀರಿ ಎಂಬುದು.

ಮಕ್ಕಳ ವಿಷಯದಲ್ಲಿ ಇದು ಇನ್ನೂ ಬಿಗಿಯಾಗುತ್ತದೆ. ಮಾರ್ಗಸೂಚಿಯಂತೆ ಪೋಷಕರ ಒಪ್ಪಿಗೆಯ ಜೊತೆಗೆ 7ರಿಂದ 12 ವರ್ಷದವರ ಬಾಯಿಮಾತಿನ ಸಮ್ಮತಿಯೂ, 12 ದಾಟಿ 18ರೊಳಗಿನವರ ಲಿಖಿತ ಸಮ್ಮತಿಯೂ ಬೇಕು. 18 ತುಂಬಿದ ಮೇಲೆ ಅಧ್ಯಯನ ಮುಂದುವರಿದರೆ ಹೊಸದಾಗಿ ಒಪ್ಪಿಗೆ ಕೇಳಬೇಕು. ಈ ಸೀಮೆಯಲ್ಲಿ 18 ದಾಟಿದ ಹುಡುಗಿ ಮದುವೆಯಾಗಿ ಬೇರೆ ತಾಲ್ಲೂಕಿಗೆ ಹೋಗಿರಬಹುದು, ಅವಳ ಫೋನು ಗಂಡನ ಹೆಸರಿನಲ್ಲಿರಬಹುದು, ವಾಹಕಿ ಎಂಬ ಸುದ್ದಿ ಆ ಫೋನಿಗೆ ಹೋಗಬಾರದು. ಆದ್ದರಿಂದ ಅವಳನ್ನು ಮತ್ತೆ ಕಾಣುವುದು ಯಾರ ಮೂಲಕ, ತಾಯಿಯ ಮೂಲಕವೋ ತವರೂರಿನ ಆಶಾ ಮೂಲಕವೋ, ಎಂಬುದನ್ನು ಅವಳನ್ನೇ ಕೇಳಿ ಮೊದಲ ದಿನದ ಹಾಳೆಯಲ್ಲೇ ಬರೆದಿಡಬೇಕಾಗುತ್ತದೆ.